ಮೇಷ್ಟ್ರ ಹತ್ತಿರ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಒಂದು ಸಣ್ಣ ನೋಂದಾಯಿತ ಸಂಘ. ವಿಶೇಷ ಮಕ್ಕಳಿಗೆ ಹಗಲು ಶಾಲೆ ನಡೆಸುತ್ತೇವೆ, 34 ಮಕ್ಕಳಿದ್ದಾರೆ. 19 ವರ್ಷದ ಹಿಂದೆ ಇದನ್ನು ಕಟ್ಟಿದವರು ನನ್ನ ಹೈಸ್ಕೂಲ್ ಮೇಷ್ಟ್ರು. ಅವತ್ತಿನಿಂದ ಇವತ್ತಿನವರೆಗೂ ಅವರೇ ಅಧ್ಯಕ್ಷರು, ಈಗ 77 ವಯಸ್ಸು. ಆಡಳಿತ ಮಂಡಳಿಯಲ್ಲಿ ಅವರನ್ನು ಬಿಟ್ಟರೆ ಆರು ಜನ, ಅದರಲ್ಲಿ ನಾಲ್ವರು ಅವರ ಶಿಷ್ಯರು. ಚುನಾವಣೆ ಎಂದರೆ ‘ಅವಿರೋಧ ಆಯ್ಕೆ’ ಎಂದು ಬರೆಯುವುದು, ಅಷ್ಟೆ. ನಡಾವಳಿ ಮೇಷ್ಟ್ರ ಮನೆಯಲ್ಲೇ ಬರೆದು ಸಹಿಗೆ ಬರುತ್ತದೆ. ಕಳೆದ ವರ್ಷ ನನ್ನನ್ನು ಕಾರ್ಯದರ್ಶಿ ಮಾಡಿದರು. ಚೆಕ್ ಬುಕ್ಕಿನ ಹತ್ತು ಖಾಲಿ ಹಾಳೆಗೆ ಒಟ್ಟಿಗೇ ಸಹಿ ಮಾಡಿಸಿಕೊಂಡರು. ಶಾಲೆಯ ವ್ಯಾನ್ ಅವರ ಮಗನದು. ಬಾಡಿಗೆ ಎಷ್ಟು ಎಂದು ಯಾವ ಸಭೆಯಲ್ಲೂ ತೀರ್ಮಾನ ಆಗಿಲ್ಲ. ಕಟ್ಟಡ ಇರುವುದು ಅವರ ಒಕ್ಕದ, ಅಂದರೆ ಕೊಡವ ಮನೆತನದ, ಜಾಗದಲ್ಲಿ. ‘ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತೆ, ನಾನು ಕೆಲಸ ಬಿಡ್ತೀನಿ’ ಎನ್ನುತ್ತಿದ್ದಾರೆ ನಮ್ಮ ಕೋಆರ್ಡಿನೇಟರ್. ಮೇಷ್ಟ್ರು ಒಂದು ಪೈಸೆ ಮುಟ್ಟುವವರಲ್ಲ, ಅದು ನನಗೆ ಗೊತ್ತು. ಅವರ ಮನಸ್ಸು ನೋಯಿಸದೆ ಇದನ್ನು ಸರಿ ಮಾಡಬಹುದಾ? ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತಾ? ಇನ್ನೊಂದು ಸಣ್ಣ ಪ್ರಶ್ನೆ: ನಡಾವಳಿ ಪುಸ್ತಕ ಯಾರ ಮನೆಯಲ್ಲಿ ಇರಬೇಕು?

ಉತ್ತರ: ಮೊದಲು ಚೆಕ್ಕಿನ ವಿಷಯ. ಸಹಿ ಹಾಕಿದ ಹಾಳೆಗಳಲ್ಲಿ ಎಷ್ಟು ಉಳಿದಿವೆ ಎಂದು ಇವತ್ತೇ ಕೇಳಿ, ವಾಪಸ್ ತಗೊಳ್ಳಿ. ಮಿಕ್ಕ ಮಾತೆಲ್ಲ ಆಮೇಲೆ. ಸಹಿ ಹಾಕಿದ ಖಾಲಿ ಚೆಕ್ ಇನ್ನೊಬ್ಬರ ಕೈಗೆ ಕೊಟ್ಟರೆ ಅದನ್ನು ತುಂಬುವ ಅಧಿಕಾರವನ್ನೂ ಕೊಟ್ಟ ಹಾಗೆ ಎಂದೇ ಕಾನೂನು ನೋಡುತ್ತದೆ. ಚೆಕ್ ಬೌನ್ಸ್ ಆದರೆ ಸಹಿ ಹಾಕಿದವರ ಹೆಸರಿಗೂ ನೋಟಿಸ್ ಬರುತ್ತದೆ. ಆಗ ‘ಮೊತ್ತ ನಾನು ಬರೆದಿದ್ದಲ್ಲ’ ಎಂದು ಪಾರಾಗುವುದು ಕಷ್ಟ. ಮೇಷ್ಟ್ರಿಗೆ ಹೇಗೆ ಹೇಳುವುದು ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ಸರ್, ಇನ್ನು ಮೇಲೆ ಬಿಲ್ ನೋಡಿ ಸಹಿ ಹಾಕ್ತೀನಿ, ಬಂದು ಹೋಗೋದು ನನಗೇನೂ ಕಷ್ಟ ಅಲ್ಲ’ ಅನ್ನಿ. ನಿಮ್ಮ ಹೋಂವರ್ಕ್ ತಿದ್ದಿದವರು ಅವರು. ನೋಡದೆ ಸಹಿ ಹಾಕಬಾರದು ಎಂಬುದು ಅವರಿಗೆ ಹೊಸ ಮಾತಲ್ಲ.

ಇನ್ನು ನಿಮ್ಮ ಪತ್ರ. ಎರಡು ಸಲ ಓದಿದೆ. ಮೇಷ್ಟ್ರ ತಪ್ಪು ಎಂದು ನೀವು ಬರೆದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಆರು ಜನರ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ. ನಡಾವಳಿ ಮನೆಯಲ್ಲಿ ಬರೆದು ಬಂತು, ಸರಿ, ಸಹಿ ಹಾಕಿದವರು ಯಾರು? ವ್ಯಾನ್ ಬಾಡಿಗೆ ಸಭೆಗೆ ಬರಲಿಲ್ಲ ಅಂದಿರಿ, ‘ಇದು ಅಜೆಂಡಾದಲ್ಲಿ ಯಾಕಿಲ್ಲ’ ಎಂದು ಒಬ್ಬರಾದರೂ ಕೇಳಿದಿರಾ? ಗೌರವ ಎನ್ನುವುದು ನಮ್ಮಲ್ಲಿ ಬಹಳ ಸಲ ಸೋಮಾರಿತನದ ಮೇಲೆ ಹೊದಿಸಿದ ಶಾಲು. ಮೇಷ್ಟ್ರು ನೋಡಿಕೊಳ್ಳುತ್ತಾರೆ ಎಂದುಕೊಂಡರೆ ಕಾಫಿ ಕುಡಿದು ಮನೆಗೆ ಹೋಗಬಹುದು, ಅಲ್ವಾ?

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಕ್ಕದಲ್ಲಿ ಹಿರಿಯರೇ ಪಟ್ಟೆದಾರರು, ಅಂದರೆ ಮನೆತನದ ಯಜಮಾನರು. ವಯಸ್ಸಿನಿಂದ ಬಂದ ಸ್ಥಾನ, ಬದುಕಿರುವ ತನಕ ಅವರದ್ದೇ. ಮನೆತನದ ಮೂಲ ಮನೆಯಾದ ಐನ್‌ಮನೆಗೆ ಹೋದಾಗ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ, ಎದುರು ಮಾತಾಡುವುದಿಲ್ಲ. ಒಕ್ಕಕ್ಕೆ ಅದು ಚೆನ್ನಾಗಿಯೇ ಒಗ್ಗಿದೆ. ಆದರೆ ಅದೇ ಅಭ್ಯಾಸವನ್ನು ನಾವು ಸಂಘಕ್ಕೂ ತಂದಿದ್ದೇವೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕಣ್ಣಿಗೆ ನಿಮ್ಮ ಸಂಘದಲ್ಲಿ ಪಟ್ಟೆದಾರರು ಇಲ್ಲ. ಸದಸ್ಯರಿದ್ದಾರೆ, ಅವರು ಆರಿಸಿದ ಮಂಡಳಿ ಇದೆ, ಮಂಡಳಿಯ ಸಭೆ ನಡೆಸಿಕೊಡಲು ಅಧ್ಯಕ್ಷರಿದ್ದಾರೆ. ಸೈನ್ಯದಿಂದ ನಿವೃತ್ತರಾದವರು ಅಧ್ಯಕ್ಷರಾಗಿರುವ ಕಡೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ಸಭೆ ಸರಿಯಾದ ಸಮಯಕ್ಕೆ ಶುರುವಾಗುತ್ತದೆ, ಇಪ್ಪತ್ತೇ ನಿಮಿಷಕ್ಕೆ ಮುಗಿದೂ ಹೋಗುತ್ತದೆ!

ಮೇಷ್ಟ್ರು ಪೈಸೆ ಮುಟ್ಟುವವರಲ್ಲ ಎಂದಿರಿ. ನಂಬುತ್ತೇನೆ. ಹಾಗಿದ್ದರೆ ಲೆಕ್ಕ ಬರೆದಿಡುವುದು ಇನ್ನೂ ಮುಖ್ಯ. ನನ್ನದೇ ಒಂದು ಕತೆ ಹೇಳುತ್ತೇನೆ. 2018ರ ಆಗಸ್ಟ್ ನಿಮಗೆ ನೆನಪಿರುತ್ತದೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದು ಜನ ಉಟ್ಟ ಬಟ್ಟೆಯಲ್ಲಿ ಕ್ಯಾಂಪಿಗೆ ಬಂದಿದ್ದರು. ರಾಜ್ಯದ ಮೂಲೆಮೂಲೆಯಿಂದ ಲಾರಿಯಲ್ಲಿ ಸಾಮಾನು ಬಂತು. ಒಂದು ಸಣ್ಣ ಪರಿಹಾರ ಸಮಿತಿಯಲ್ಲಿ ನಾನೂ ಇದ್ದೆ. ಲೆಕ್ಕಪತ್ರ ಗೊತ್ತಿದ್ದವನು ಎಂದು ನನ್ನನ್ನೇ ಖಜಾಂಚಿ ಮಾಡಿದ್ದರು. ಒಂದು ಹಾಲ್ ತುಂಬಾ ಕಂಬಳಿ, ಅಕ್ಕಿ ಮೂಟೆ, ಬಿಸ್ಕತ್ತು, ಮಕ್ಕಳ ಉಡುಪು. ದುಡ್ಡಿಗೆ ರಸೀದಿ ಕೊಟ್ಟೆವು, ಸಾಮಾನಿಗೆ ಸ್ಟಾಕ್ ರಿಜಿಸ್ಟರ್ ಇಡಲಿಲ್ಲ. ಆ ಮಳೆಯಲ್ಲಿ ಯಾರು ಬರೆಯುತ್ತಾರೆ? ಮೂರು ತಿಂಗಳಾದ ಮೇಲೆ ಕಂಬಳಿ ಕಳಿಸಿದ ಊರಿನವರು ಬಂದು, ಎಷ್ಟು ಯಾರಿಗೆ ಕೊಟ್ಟಿರಿ ಎಂದು ಕೇಳಿದರು. ಜಗಳಕ್ಕೆ ಬಂದವರಲ್ಲ, ಅವರ ಊರಲ್ಲಿ ಅವರು ಲೆಕ್ಕ ಒಪ್ಪಿಸಬೇಕಿತ್ತು. ನನ್ನ ಕೈಯಲ್ಲಿ ತೋರಿಸಲು ಒಂದು ಹಾಳೆ ಇರಲಿಲ್ಲ. ಯಾರೂ ಕದ್ದಿರಲಿಲ್ಲ. ಆದರೆ ‘ಯಾರೂ ಕದ್ದಿಲ್ಲ’ ಎಂದು ಹೇಳುವುದಕ್ಕೂ ನಮ್ಮಲ್ಲಿ ಕಾಗದ ಬೇಕಿತ್ತು. ಹಗಲು ರಾತ್ರಿ ಕೆಲಸ ಮಾಡಿದ ಒಬ್ಬ ಹುಡುಗನ ಮೇಲೆ ಊರಲ್ಲಿ ಮಾತು ಬಂತು. ಅವನು ಆಮೇಲೆ ಯಾವ ಸಮಿತಿಗೂ ಬರಲಿಲ್ಲ. ಆ ಹುಡುಗನ ಮುಖ ನೋಡಿದಾಗಲೆಲ್ಲ ಆ ರಿಜಿಸ್ಟರ್ ನೆನಪಾಗುತ್ತದೆ. ನಾಳೆ ಮೇಷ್ಟ್ರ ಬೆನ್ನ ಹಿಂದೆ ಅಂಥ ಮಾತು ಬಂದರೆ, ಅವರ ಪರ ತೋರಿಸಲು ನಿಮ್ಮ ಹತ್ತಿರ ಏನಿದೆ?

ಹಾಗಾಗಿ ಮನುಷ್ಯರಿಂದ ಶುರು ಮಾಡಬೇಡಿ, ಕಾಗದದಿಂದ ಮಾಡಿ. ಬೈಲಾ, ಅಂದರೆ ಸಂಘದ ನಿಯಮಾವಳಿ, ತಗೊಳ್ಳಿ. ನಿಮ್ಮಲ್ಲಿ ಎಷ್ಟು ಜನ ಅದನ್ನು ಪೂರ್ತಿ ಓದಿದ್ದೀರಿ? ನಾನು ಹೋದ ಎಷ್ಟೋ ಸಂಘಗಳಲ್ಲಿ ಅದು ಇಂಗ್ಲಿಷಿನಲ್ಲಿರುತ್ತದೆ, ನೋಂದಣಿ ದಿನ ಯಾರೋ ಟೈಪಿಂಗ್ ಅಂಗಡಿಯಲ್ಲಿ ಇನ್ನೊಂದು ಸಂಘದ್ದನ್ನೇ ಹೆಸರು ಬದಲಾಯಿಸಿ ಕೊಟ್ಟಿರುತ್ತಾರೆ. ಪ್ರತಿ ಸಿಗದಿದ್ದರೆ ಮಡಿಕೇರಿಯಲ್ಲಿ ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ದೃಢೀಕೃತ ಪ್ರತಿ ತಗೊಳ್ಳಿ. ಅಧ್ಯಕ್ಷರ ಅವಧಿ ಎಷ್ಟು ವರ್ಷ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಸಭೆಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಚೆಕ್ಕಿಗೆ ಯಾರ ಸಹಿ, ಎಲ್ಲ ಅದರಲ್ಲೇ ಇರುತ್ತದೆ. ಮುಂದಿನ ಸಭೆಗೆ ಅದರ ಜೆರಾಕ್ಸ್ ಏಳು ಪ್ರತಿ ತಗೊಂಡು ಹೋಗಿ ಹಂಚಿ. ಜೋರಾಗಿ ಓದಿ. ‘ಅವಧಿ ಮೂರು ವರ್ಷ’ ಎಂಬ ಸಾಲು ಬಂದಾಗ ನೀವು ಏನೂ ಹೇಳಬೇಕಾಗಿಲ್ಲ, ಎಲ್ಲರಿಗೂ ಕೇಳಿಸಿರುತ್ತದೆ.

ವರ್ಷಕ್ಕೊಂದು ಮಹಾಸಭೆ ಕಡ್ಡಾಯ. ಅದು ನಡೆದ 14 ದಿನದೊಳಗೆ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟು ವರ್ಷದ್ದು ಬಾಕಿ ಇದೆ ಎಂದು ಅಲ್ಲೇ ವಿಚಾರಿಸಿ. ಬಾಕಿ ಇದ್ದರೆ ಗಾಬರಿ ಬೇಡ, ದಂಡ ಕಟ್ಟಿ ಸರಿ ಮಾಡಿಕೊಳ್ಳುವ ದಾರಿ ಇರುತ್ತದೆ. ಆದರೆ ತಡ ಮಾಡಿದಷ್ಟೂ ಕಷ್ಟ. ಸರ್ಕಾರದ ಅನುದಾನ, ಕಂಪನಿಗಳ ಸಿಎಸ್‌ಆರ್ ದುಡ್ಡು, ಏನು ಕೇಳಲು ಹೋದರೂ ಮೊದಲು ಕೇಳುವುದು ಈ ಕಾಗದಗಳನ್ನೇ.

ಮಹಾಸಭೆಗೆ ಜನ ಬರುವುದಿಲ್ಲ ಎಂಬ ದೂರು ಕೊಡಗಿನಲ್ಲಿ ಎಲ್ಲ ಕಡೆ ಕೇಳುತ್ತೇನೆ. ಬರುವುದು ಹೇಗೆ? ಜುಲೈನಲ್ಲಿ ಇಟ್ಟರೆ ಮಳೆ, ಮರ ಬಿದ್ದು ರಸ್ತೆ ಬಂದ್, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಡಿಸೆಂಬರಿನಿಂದ ಕಾಫಿ ಕುಯ್ಲು, ಆಳು ಸಿಕ್ಕ ದಿನ ತೋಟ ಬಿಟ್ಟು ಯಾರೂ ಕದಲುವುದಿಲ್ಲ. ಅರೇಬಿಕಾ ಮುಗಿಯಿತು ಎನ್ನುವಷ್ಟರಲ್ಲಿ ರೋಬಸ್ಟಾ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ಲವಾ, ಸ್ಪ್ರಿಂಕ್ಲರ್ ಹಾಕಬೇಕಾ ಎಂಬ ಚಿಂತೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೆ ಮುಂಚೆ, ಒಂದು ಭಾನುವಾರ. ಆದಾಯ ತೆರಿಗೆಯ ಆಡಿಟ್ ವರದಿಗೂ ಸಾಮಾನ್ಯವಾಗಿ ಸೆಪ್ಟೆಂಬರ್ 30ರ ಗಡುವು ಇರುವುದರಿಂದ ಲೆಕ್ಕವೂ ಅಷ್ಟೊತ್ತಿಗೆ ರೆಡಿ ಇರುತ್ತದೆ. ಬೆಂಗಳೂರು, ಮೈಸೂರಿನಲ್ಲಿರುವ ಸದಸ್ಯರೂ ಆಗ ಬರಬಹುದು. ಬಾರದವರಿಗೆ ವಾಟ್ಸಾಪ್‌ನಲ್ಲಿ ಹಾಕಿ ಹೆಬ್ಬೆರಳು ತೋರಿಸಿಕೊಂಡರೆ ಅದು ನಿರ್ಣಯ ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕಡೆ ಸಭೆಯಲ್ಲಿ ಮಾತು ಕೊಡವ ತಕ್ಕ್‌ನಲ್ಲಿ ಶುರುವಾಗಿ, ಕನ್ನಡಕ್ಕೆ ಬಂದು, ನಡುವೆ ಮಲಯಾಳಂ ಸೇರಿ, ನಡಾವಳಿ ಮಾತ್ರ ಇಂಗ್ಲಿಷಿನಲ್ಲಿ ಇಳಿಯುವುದನ್ನು ನೋಡಿದ್ದೇನೆ. ಪೋಷಕರ ಪ್ರತಿನಿಧಿಯಾಗಿ ಬಂದ ತಾಯಿ ಏನಕ್ಕೆ ಸಹಿ ಹಾಕಿದೆ ಎಂದು ಗೊತ್ತಿಲ್ಲದೆ ಹೋಗುತ್ತಾರೆ. ಕನ್ನಡದಲ್ಲಿ ಬರೆಯಿರಿ. ಸಭೆ ಮುಗಿಯುವ ಮುಂಚೆ ಅಲ್ಲೇ ಓದಿ ಹೇಳಿ, ಅಲ್ಲೇ ಸಹಿ ತಗೊಳ್ಳಿ.

ವ್ಯಾನಿಗೆ ಬರೋಣ. ಅಧ್ಯಕ್ಷರ ಮಗನ ವ್ಯಾನ್ ಬಾಡಿಗೆಗೆ ತಗೊಳ್ಳುವುದೇ ತಪ್ಪು ಎಂದೇನಿಲ್ಲ. ಆ ರಸ್ತೆಗೆ, ಆ ಮಕ್ಕಳನ್ನು ಹುಷಾರಾಗಿ ಹತ್ತಿಸಿ ಇಳಿಸುವುದಕ್ಕೆ ಬೇರೆ ಯಾರೂ ಸಿಗದೆಯೂ ಇರಬಹುದು. ತೊಂದರೆ ಇರುವುದು ತೀರ್ಮಾನ ಆದ ರೀತಿಯಲ್ಲಿ. ನಾವೆಲ್ಲ 12ಎ ಎಂದೇ ಕರೆಯುವ ಆದಾಯ ತೆರಿಗೆ ನೋಂದಣಿಯಿಂದ ಸಂಸ್ಥೆಗೆ ಸಿಗುವ ತೆರಿಗೆ ವಿನಾಯಿತಿಗೆ ಒಂದು ಷರತ್ತಿದೆ. ಸಂಸ್ಥೆ ಕಟ್ಟಿದವರಿಗೆ, ಅದನ್ನು ನಡೆಸುವವರಿಗೆ, ಅವರ ಹತ್ತಿರದ ಸಂಬಂಧಿಗಳಿಗೆ ನ್ಯಾಯವಾದ ದರಕ್ಕಿಂತ ಹೆಚ್ಚು ದುಡ್ಡು ಹೋಗಬಾರದು. ಹೋಯಿತು ಎಂದು ಅಧಿಕಾರಿಗೆ ಅನಿಸಿದರೆ ವಿನಾಯಿತಿಗೇ ಪೆಟ್ಟು. ವಿರಾಜಪೇಟೆ, ಗೋಣಿಕೊಪ್ಪಲಿನಲ್ಲಿ ಇನ್ನಿಬ್ಬರ ಹತ್ತಿರ ಅದೇ ರೂಟಿಗೆ ಕೊಟೇಶನ್ ತಗೊಳ್ಳಿ, ಮೂರನ್ನೂ ಸಭೆಯಲ್ಲಿಡಿ. ಆ ವಿಷಯ ಬಂದಾಗ ಮೇಷ್ಟ್ರು ಹೊರಗೆ ಹೋಗಿ ಕೂರಲಿ. ಹೊರಗೆ ಹೋದರು ಎಂದು ನಡಾವಳಿಯಲ್ಲಿ ಬರೆಯಿರಿ. ಮಗನದ್ದೇ ಕಡಿಮೆ ಇದ್ದರೆ ಅದನ್ನೇ ಮುಂದುವರಿಸಿ, ಒಂದು ವರ್ಷಕ್ಕೆ ಲಿಖಿತ ಕರಾರು ಮಾಡಿ. ಹೆಚ್ಚಿನಂಶ ಅವನು ಇಷ್ಟು ವರ್ಷ ಡೀಸೆಲ್ ದುಡ್ಡಿಗೇ ಓಡಿಸಿರುತ್ತಾನೆ, ಅದು ಯಾರಿಗೂ ಗೊತ್ತೇ ಇರುವುದಿಲ್ಲ.

ಅಂದ ಹಾಗೆ 2021ರಿಂದ ಆ 12ಎ, ಮತ್ತೆ ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿಗಳು ಶಾಶ್ವತ ಅಲ್ಲ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನವೀಕರಣ. ಸಣ್ಣ ಸಂಸ್ಥೆಗಳ 12ಎಗೆ ಈಚೆಗೆ ಹತ್ತು ವರ್ಷದ ಅವಕಾಶ ಬಂದಿದೆ. ನಿಮ್ಮದು ಯಾವಾಗ ಮುಗಿಯುತ್ತದೆ ಎಂದು ಆಡಿಟರನ್ನು ಈ ವಾರವೇ ಕೇಳಿ. ನಗದಾಗಿ 2000 ರೂಪಾಯಿಗಿಂತ ಜಾಸ್ತಿ ಕೊಟ್ಟ ದಾನಕ್ಕೆ 80ಜಿ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನೂ ರಸೀದಿ ಬರೆಯುವವರಿಗೆ ತಿಳಿಸಿ.

ಈಗ ಜಾಗ. ನೀವು ಇದನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ನಿದ್ದೆ ಕೆಡಿಸಿದ್ದು ಇದೇ. ವ್ಯಾನ್ ಹೋದರೆ ಇನ್ನೊಂದು ತರಬಹುದು. ಕಟ್ಟಡ ಹೋದರೆ 34 ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಒಕ್ಕದ ಜಾಗ ಎಂದರೆ ಜಮ್ಮಾ, ಅಂದರೆ ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ, ಆಗಿರುವ ಸಾಧ್ಯತೆ ಇದೆ. ಹಾಗಿದ್ದರೆ ಆರ್‌ಟಿಸಿಯಲ್ಲಿ (ಪಹಣಿ) ಪಟ್ಟೆದಾರರ ಹೆಸರಿರಬಹುದು, ಜೊತೆಗೆ ಒಕ್ಕದ ಎಷ್ಟೋ ಜನರದ್ದೂ ಇರಬಹುದು. ಅವರಲ್ಲಿ ಕೆಲವರು ಸತ್ತಿರುತ್ತಾರೆ, ಕೆಲವರು ಕೆನಡಾದಲ್ಲಿರುತ್ತಾರೆ. ಮೇಷ್ಟ್ರು ‘ಸಂಘಕ್ಕೆ ಕೊಟ್ಟೆ’ ಎಂದು 19 ವರ್ಷದ ಹಿಂದೆ ಬಾಯಲ್ಲಿ ಹೇಳಿದ್ದು ಅವರ ದೊಡ್ಡತನ. ಆದರೆ ಒಬ್ಬರೇ ಕೊಡುವುದಕ್ಕೆ ಅದು ಅವರೊಬ್ಬರದ್ದಾಗಿರಬೇಕಲ್ಲ. ಅವರು ಇರುವ ತನಕ ಯಾರೂ ಸೊಲ್ಲೆತ್ತುವುದಿಲ್ಲ. ಅವರ ತಿಥಿ ಮುಗಿದ ಮಾರನೇ ದಿನ ಸರ್ವೆಯವರು ಬರುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಊರಿನ ಹೆಸರು ಬೇಡ.

ಮೊದಲು ಆರ್‌ಟಿಸಿ ತೆಗೆಸಿ, ಯಾರ ಯಾರ ಹೆಸರಿದೆ ನೋಡಿ. ಜಮ್ಮಾ ವ್ಯವಹಾರ ಗೊತ್ತಿರುವ ಸ್ಥಳೀಯ ವಕೀಲರಿಗೇ ತೋರಿಸಿ. ಬೆಂಗಳೂರಿನ ವಕೀಲರಿಗೆ ಬಾಣೆ (ಜಮ್ಮಾ ಗದ್ದೆಗೆ ಸೇರಿದ ಕಾಡು ಜಾಗ) ಎಂದರೇನು ಎಂದು ವಿವರಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮೇಷ್ಟ್ರ ಪಾಲಿಗೆ ಬೇರೆಯಾಗಿ ಬಂದ ಜಾಗ ಆಗಿದ್ದರೆ ದಾನಪತ್ರ, ಇಲ್ಲವಾದರೆ ಹಕ್ಕುದಾರರ ಒಪ್ಪಿಗೆ ಸೇರಿಸಿ ದೀರ್ಘ ಅವಧಿಯ ಲೀಸ್ ಮಾಡಿಸಬಹುದಾ ಎಂದು ಕೇಳಿ. ಒಂದು ವರ್ಷಕ್ಕೆ ಮೀರಿದ ಲೀಸ್ ನೋಂದಣಿ ಆಗಲೇಬೇಕು, ಛಾಪಾ ಕಾಗದದಲ್ಲಿ ಬರೆದಿಟ್ಟುಕೊಂಡರೆ ಸಾಲದು. ಎರಡೂ ಆಗದಿದ್ದರೆ ಅದನ್ನೂ ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಬೇರೆ ಜಾಗ ಹುಡುಕಲು ಟೈಮ್ ಬೇಕು. ಈ ಕೆಲಸಕ್ಕೆ ಮೇಷ್ಟ್ರೇ ಬೇಕು. ಒಕ್ಕದವರನ್ನು ಕೂರಿಸಿ ಒಪ್ಪಿಸುವ ಶಕ್ತಿ ನಿಮಗಾರಿಗೂ ಇಲ್ಲ, ಅವರಿಗಿದೆ.

ಅವರ ಜೊತೆ ಮಾತು ಶುರು ಮಾಡಬೇಕಾದ್ದೂ ಇಲ್ಲಿಂದಲೇ ಎಂದು ನನ್ನ ಅಭಿಪ್ರಾಯ. ಸಭೆಯಲ್ಲಿ ಬೇಡ. ಸಾಯಂಕಾಲ ಮನೆಗೆ ಹೋಗಿ, ಇಬ್ಬರೇ ಹೋಗಿ. ಆರು ಜನ ಹೋದರೆ ಅದು ನಿಯೋಗ ಆಗುತ್ತದೆ. ‘ಸರ್, ನಿಮ್ಮ ನಂತರ ಶಾಲೆ ಉಳಿಯಬೇಕು, ಜಾಗದ ವಿಷಯ ನೀವೇ ಕೂತು ಬಗೆಹರಿಸಬೇಕು, ನಮ್ಮ ಕೈಲಾಗಲ್ಲ’ ಅನ್ನಿ. 77 ವಯಸ್ಸಿನವರು ತಮ್ಮ ನಂತರದ ವಿಷಯ ಯೋಚಿಸಿಯೇ ಇರುತ್ತಾರೆ. ಕೇಳುವವರು ಬಂದಿರುವುದಿಲ್ಲ, ಅಷ್ಟೆ. ದಿನಾ ಆರು ಗಂಟೆಗೆ ಫೋನ್ ಮಾಡುವವರಿಗೆ ಆ ಫೋನ್ ಇಲ್ಲದಿದ್ದರೆ ದಿನ ಹೇಗೆ ಶುರುವಾಗಬೇಕು ಎಂಬ ಭಯ ಇರುತ್ತದೆ. ‘ಗೌರವಾಧ್ಯಕ್ಷ’ ಎಂದು ಶಾಲು ಹೊದಿಸಿ ಮೂಲೆಗೆ ಕೂರಿಸಿದರೆ ಅವರಿಗೆ ಅದು ಗೊತ್ತಾಗದೆ ಇರುತ್ತಾ? ನಿಜವಾದ ಕೆಲಸ ಕೊಡಿ. ಜಾಗದ ಕಾಗದ ಒಂದು. ಹೊಸ ಟೀಚರ್‌ಗಳಿಗೆ ತಿಂಗಳಿಗೊಂದು ದಿನ ಪಾಠ ಇನ್ನೊಂದು. ಬೈಲಾದಲ್ಲಿ ಮತ ಇಲ್ಲದ ಸಲಹೆಗಾರರ ಸ್ಥಾನ ಇಲ್ಲದಿದ್ದರೆ ತಿದ್ದುಪಡಿ ಮಾಡಿಸಿ.

ಬಿಟ್ಟುಕೊಡುವುದು ನಮ್ಮ ಜಾಯಮಾನದಲ್ಲೇ ಇಲ್ಲ ಎಂದು ಯಾರಾದರೂ ಹೇಳಿದರೆ ಕೊಡವ ಒಕ್ಕಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನು ತೋರಿಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು. ಅವರ ಕುಟುಂಬವೇ ಅದನ್ನು ಹಿಡಿದುಕೊಂಡು ಕೂತಿದ್ದರೆ ನಾಲ್ಕು ವರ್ಷಕ್ಕೆ ಮುಗಿದುಹೋಗುತ್ತಿತ್ತೋ ಏನೋ. ಪ್ರತಿ ವರ್ಷ ಬೇರೆ ಒಕ್ಕ ಹೊಣೆ ಹೊರುತ್ತದೆ. ದುಡ್ಡು ಎತ್ತುವುದು, ಮೈದಾನ, ಗ್ಯಾಲರಿ, ಊಟ, ಎಲ್ಲ ಅವರದ್ದು. ಮುಗಿದ ಮೇಲೆ ಹೊಣೆ ಮುಂದಿನ ಒಕ್ಕಕ್ಕೆ. ಈಗ ನೂರಾರು ತಂಡ ಆಡುತ್ತವೆ. ಶುರು ಮಾಡಿದವರ ಹೆಸರನ್ನು ಯಾರೂ ಮರೆತಿಲ್ಲ. ಪಟ್ಟೆದಾರಿಕೆಯನ್ನು ಒಪ್ಪಿಕೊಂಡ ಜನವೇ ಇದನ್ನೂ ಕಟ್ಟಿದ್ದು.

ಕೋಆರ್ಡಿನೇಟರ್ ವಿಷಯ ಕಾಯುವಂಥದ್ದಲ್ಲ. ಇಂಥ ಶಾಲೆಗೆ ತರಬೇತಿ ಆದವರು ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಯಾವುದು ಅವರ ತೀರ್ಮಾನ, ಯಾವುದು ಮಂಡಳಿಯದ್ದು ಎಂದು ಒಂದು ಹಾಳೆಯಲ್ಲಿ ಬರೆದು ನಿರ್ಣಯ ಮಾಡಿ. ತಿಂಗಳಿಗೆ ಇಂತಿಷ್ಟು ರೂಪಾಯಿ ತನಕದ ಖರ್ಚು, ರಜೆ, ಟೈಮ್‌ಟೇಬಲ್, ಅಡುಗೆ ಅವರದ್ದು. ನೇಮಕಾತಿ, ಸಂಬಳ, ವರ್ಷದ ಬಜೆಟ್ ನಿಮ್ಮದು. ಮಂಡಳಿಯವರು ಏನು ಹೇಳುವುದಿದ್ದರೂ ಒಬ್ಬರ ಮೂಲಕ ಹೇಳಿ, ಸದ್ಯಕ್ಕೆ ಕಾರ್ಯದರ್ಶಿಯಾಗಿ ನೀವೇ. ಆರು ಗಂಟೆಯ ಫೋನ್ ಇನ್ನು ನಿಮಗೆ ಬರಲಿ. ನಿಮಗೆ ಮೇಷ್ಟ್ರ ಹತ್ತಿರ ಬೈಸಿಕೊಂಡು ಅಭ್ಯಾಸ ಇದೆ!

ನಿಮ್ಮ ತಲೆಗೆ ಬರುತ್ತಾ? ಸಂಘದ ಸಾಲಕ್ಕೆಲ್ಲ ನಿಮ್ಮ ಮನೆ ಹರಾಜಾಗುವುದಿಲ್ಲ. ಆದರೆ ಕಾರ್ಯದರ್ಶಿ ಎಂದ ಮೇಲೆ ಸಲ್ಲಿಸಬೇಕಾದ ಕಾಗದ ಸಲ್ಲಿಸದಿದ್ದರೆ, ನಡೆಯದ ಸಭೆಯ ನಡಾವಳಿಗೆ ಸಹಿ ಹಾಕಿದರೆ, ಉತ್ತರ ಕೊಡಬೇಕಾದವರು ನೀವೂ ಹೌದು. ಒಪ್ಪಿಗೆ ಇಲ್ಲದ ನಿರ್ಣಯ ಆದರೆ ‘ನನ್ನ ಒಪ್ಪಿಗೆ ಇಲ್ಲ’ ಎಂದು ನಡಾವಳಿಯಲ್ಲಿ ಬರೆಸಿ. ಹೊರಗೆ ಬಂದು ಹತ್ತು ಜನರ ಹತ್ತಿರ ಹೇಳಿಕೊಂಡರೆ ಅದಕ್ಕೆ ಬೆಲೆ ಇಲ್ಲ.

ಯಾವುದಕ್ಕೂ ಮೇಷ್ಟ್ರು ಜಗ್ಗದಿದ್ದರೆ? ಮಂಡಳಿಯ ಬಹುಮತ, ಇಲ್ಲವೇ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ಸಂಘಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ಮಾಡಲೇಬೇಕು. ಪರಿಸ್ಥಿತಿ ಕೈಮೀರಿದರೆ 27ಎ ಪ್ರಕಾರ ಸರ್ಕಾರ ಆಡಳಿತಾಧಿಕಾರಿಯನ್ನೂ ನೇಮಿಸಬಹುದು. ಈ ದಾರಿ ಇದೆ ಎಂದು ನಿಮಗೆ ಗೊತ್ತಿರಲಿ, ಆದರೆ ಬಾಯಿಬಿಟ್ಟು ಹೆದರಿಸಬೇಡಿ. ವಿಚಾರಣೆ ಶುರುವಾಯಿತು ಎಂದರೆ ದಾನ ಕೊಡುವವರು ಮೊದಲು ನಿಲ್ಲಿಸುತ್ತಾರೆ, ಆಮೇಲೆ ಪೋಷಕರು ಗಾಬರಿಯಾಗುತ್ತಾರೆ. ದುಡ್ಡು ಹೋಗಿದೆ ಎಂಬ ಗಟ್ಟಿ ಅನುಮಾನ ಇದ್ದರೆ ಒಂದು ದಿನವೂ ಕಾಯಬಾರದು. ನಿಮ್ಮಲ್ಲಿ ಅದು ಇಲ್ಲ.

ನಡಾವಳಿ ಪುಸ್ತಕ ಯಾರ ಮನೆಯಲ್ಲೂ ಇರಬಾರದು. ಶಾಲೆಯ ಆಫೀಸಿನಲ್ಲಿ, ಬೀಗ ಇರುವ ಗಾಡ್ರೆಜ್ ಬೀರುವಿನಲ್ಲಿ. ಒಂದು ಬೀಗದ ಕೈ ನಿಮ್ಮಲ್ಲಿ, ಇನ್ನೊಂದು ಖಜಾಂಚಿಯಲ್ಲಿ. ಹೊಲಿದ ಪುಸ್ತಕ ತಗೊಳ್ಳಿ, ಬಿಡಿ ಹಾಳೆಯ ಫೈಲ್ ಬೇಡ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿ. ಇರುವ ಹಳೆಯ ಪುಸ್ತಕಗಳನ್ನು ಮೇಷ್ಟ್ರ ಮನೆಯಿಂದ ತರುವಾಗ ಎಷ್ಟು ಪುಸ್ತಕ, ಯಾವ ಯಾವ ವರ್ಷದ್ದು ಎಂದು ಬರೆದು ಅವರಿಗೊಂದು ರಸೀದಿ ಕೊಡಿ. ಮಳೆಗಾಲದಲ್ಲಿ ಬೀರುವಿನೊಳಗೂ ಬೂಷ್ಟು ಹಿಡಿಯುತ್ತದೆ. ಮೇ ತಿಂಗಳಲ್ಲೇ ಎಲ್ಲ ಪುಟಗಳ ಫೋಟೋ ತೆಗೆದು ಇಟ್ಟುಕೊಳ್ಳಿ.